ವಸಂತಾಗಮನವೂ ಹುಣಿಸೆಹಣ್ಣೂ

1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಂತೆ ಚೈತ್ರವು ಸಾಧಾರಣವಾಗಿ ಮಾರ್ಚ್ 22ರಂದು ಆರಂಭವಾಗುವುದಾದರೂ, ಚಾಂದ್ರಮಾನ ಯುಗಾದಿಯು ಅದನ್ನು ಲೆಕ್ಕಿಸದೆ ತನ್ನ ತಿಥಿಯನ್ನೇ ಹಿಡಿದು ಬರುವುದಾದರೂ, ನಮ್ಮ ಗೃಹದಲ್ಲಿ ವಸಂತವು ಅಡುಗೆಮನೆಯಿಂದ ಹೊರಡುವ “ಇನ್ನೂ ಹುಣಿಸೆಹಣ್ಣು ತಂದಿಲ್ಲವೇ?” ಎಂಬ ಪ್ರಶ್ನೆಯೊಡನೆಯೇ ಪ್ರಾಪ್ತವಾಗುತ್ತದೆ. ಕವಿಗಳು ಕೇಳಿದ ಕೋಗಿಲೆಯು ಈ ಗದ್ದಲದಲ್ಲಿ ನನ್ನ ಕಿವಿಗೆ ಬಿದ್ದುದೇ ಇಲ್ಲ.

ಹೊಸ ಹುಣಿಸೆಯನ್ನು ಕುಟ್ಟಿ, ಬೀಜನಾರುಗಳನ್ನು ಬಿಡಿಸಿ, ಕಲ್ಲುಪ್ಪು ಬೆರೆಸಿ, ಜಾಡಿಗೆ ಒತ್ತಿ ತುಂಬುವ ವೇಳೆಗೆ ಹತ್ತೂ ಬೆರಳುಗಳು ಅಂಟಂಟಾಗಿರಲು, ಸರಿಯಾಗಿ ಆ ಕ್ಷಣದಲ್ಲಿಯೇ ಮೂಗಿನ ತುದಿಯಲ್ಲಿ ತುರಿಕೆಯು ಉದ್ಭವಿಸುವುದೇಕೆಂಬುದನ್ನು ಯಾವ ಶಾಸ್ತ್ರಕಾರನೂ ವಿವೇಚಿಸಿದಂತಿಲ್ಲ. ಅನಂತರ ಅಟ್ಟದ ಜೇಡರಬಲೆ. ಅದರ ಮಾತು ಬೇಡ. ಮಾಳಿಗೆಯ ಮೇಲೆ ಪಂಚೆ ಹಾಸಿ ಇಟ್ಟ ಅರಳುಸಂಡಿಗೆಗೆ ಕಾವಲು ಕುಳಿತುಕೊಳ್ಳುವುದು ಮಾತ್ರ ನನಗೆ ಪರಮಪ್ರಿಯವಾದ ಉದ್ಯೋಗ: ಅರೆಬರೆ ಒಣಗಿದ ಸಂಡಿಗೆಯ ರುಚಿಯೇ ಬೇರೆ, ಮತ್ತು ಕೊರತೆ ಬಿದ್ದುದೆಲ್ಲವೂ ಕಾಗೆಯ ಲೆಕ್ಕಕ್ಕೇ ಸೇರುತ್ತದೆ.