ಧೈರ್ಯ ಹೇಳುವ ಮಾಮ

ಸಾಂಕ್ರಾಮಿಕ ರೋಗವೊಂದು ಗಡಿ ಮುಟ್ಟುವ ಮೊದಲೇ ಊರೊಳಗೆ ಕಾಣಿಸಿಕೊಳ್ಳುವ ಒಂದು ಲಕ್ಷಣವನ್ನು ವೈದ್ಯಗ್ರಂಥಗಳು ಇನ್ನೂ ದಾಖಲಿಸಿಲ್ಲ. ಅದು ಮಕ್ಕಳಿಗೆ ಧೈರ್ಯ ಹೇಳುವ ಮಾಮನ ಉದಯ. ನೀಲಗಿರಿಯ ನಂಜನಾಡಿನಂಥ ಬಡಗರ ಹಟ್ಟಿಗಳಲ್ಲಿ, ಅಂದರೆ ಮನೆಗೆ ಮನೆ ತಾಗಿ ಸಾಲಾಗಿ ನಿಂತ ಊರುಗಳಲ್ಲಿ, ಒಂದು ಜಗಲಿಯ ಮಾತು ಮೂರನೆಯ ಅಡುಗೆಮನೆಗೂ ಕೇಳಿಸುವುದರಿಂದ, ಈ ಮಾಮನಿಗೆ ಶ್ರೋತೃಗಳ ಕೊರತೆ ಎಂದೂ ಬರುವುದಿಲ್ಲ.

2018ರ ಮೇ ತಿಂಗಳಿನಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ತಲೆದೋರಿದ ನಿಪಾ, ಗೂಡಲೂರಿನ ಆಚೆ ನಾಡುಗಾಣಿ ಘಾಟಿ ಇಳಿದರೆ ಸಿಗುವ ಮಲಪ್ಪುರಂ ಜಿಲ್ಲೆಗೂ ಹಬ್ಬಿ 17 ಜೀವಗಳನ್ನು ಒಯ್ದಾಗ, ಮಾಮ ಪೂರ್ಣರೂಪದಲ್ಲಿ ಪ್ರಕಟವಾದರು. ನಿಪಾ ಎಂಬುದು ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ನೆಲೆಸಿರುವ ವೈರಸ್ಸು. 1998–99ರಲ್ಲಿ ಮಲೇಷ್ಯಾದ ಹಂದಿಸಾಕಣೆಯವರಲ್ಲಿ ಮೊದಲು ಕಂಡುಬಂದ ಇದು, ರೋಗಿಯ ತೀರ ಹತ್ತಿರವಿದ್ದು ಆರೈಕೆ ಮಾಡುವವರಿಗೆ ದೇಹದ್ರವಗಳಿಂದ ಅಂಟಬಲ್ಲದು. ಇಷ್ಟರಲ್ಲಿ ಮಾಮನಿಗೆ ಬೇಕಾದದ್ದು ಬಾವಲಿ ಮಾತ್ರ.

ಇವರ ಬೋಧನೆ ‘ಹೆದರಬೇಡಿ ಮಕ್ಕಳೇ’ ಎಂದು ತೊಡಗುತ್ತದೆ; ಅಲ್ಲಿಯವರೆಗೆ ಗೋಲಿ ಆಡುತ್ತಿದ್ದವರಾರೂ ಹೆದರಿರುವುದಿಲ್ಲ. ಬಳಿಕ ಮಿದುಳಿನ ಉರಿಯೂತ, ಪ್ರಜ್ಞೆ ತಪ್ಪುವಿಕೆ, ಮದ್ದಿಲ್ಲದ ಸಾವು, ಇವುಗಳನ್ನು ಮೊಬೈಲಿನ ಚಿತ್ರಸಹಿತ ವಿವರಿಸಿ, ಕೂನೂರಿನ ಪಾಸ್ಚರ್ ಸಂಸ್ಥೆಯಲ್ಲಿ ಲಸಿಕೆ ಸಿದ್ಧವಾಗಿದ್ದರೂ ಬಚ್ಚಿಟ್ಟಿದ್ದಾರೆಂದು ದನಿ ತಗ್ಗಿಸುತ್ತಾರೆ. 1907ರಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರು ಹುಚ್ಚುನಾಯಿ ಕಡಿತದ ಲಸಿಕೆಗೆ ಸಂಬಂಧಿಸಿದ್ದು ಎಂಬುದು ಇವರಿಗೆ ತೊಡಕಲ್ಲ. ಕೊನೆಗೆ ಬೆಳ್ಳುಳ್ಳಿಯನ್ನು ವಿಧಿಸುತ್ತಾರೆ, ಅದೂ ನಮ್ಮ ಬೆಟ್ಟದ್ದೇ ಆಗಬೇಕು; ಮೇಟ್ಟುಪಾಳ್ಯಂ ಮಂಡಿಗೆ ಕಳಿಸಿ ಉಳಿದದ್ದು ಇವರ ಮನೆಯಲ್ಲೇ ಇರುತ್ತದೆ.

ಮಕ್ಕಳ ಪ್ರಶ್ನೆಗಳು ಮಾತ್ರ ಬೇರೆ ಜಾತಿಯವು. ‘ಬಾವಲಿ ಕಚ್ಚಿದ ಪ್ಲಮ್ ಗೊತ್ತಾಗೋದು ಹೇಗೆ, ಮಾಮ?’ ಎಂದರೆ, ಹಲ್ಲಿನ ಗುರುತಿದ್ದರೆ ಬಿಸಾಡಿ, ಉಳಿದದ್ದನ್ನು ತೊಳೆದು ತಿನ್ನಿ ಎಂಬ ಒಂದು ವಾಕ್ಯ ಸಾಕಿತ್ತು. ಮಾಮ ಮಲೇಷ್ಯಾಕ್ಕೆ ಹೊರಡುತ್ತಾರೆ. 2024ರ ಜುಲೈನಲ್ಲಿ ಮಲಪ್ಪುರಂನಲ್ಲಿ ಮತ್ತೆ ನಿಪಾ ಬಂದು ಗಡಿಯ ತನಿಖಾ ಠಾಣೆಗಳಲ್ಲಿ ಪ್ರಯಾಣಿಕರ ಮೈಬಿಸಿ ಅಳೆಯುತ್ತಿದ್ದಾಗ, ‘ಸತ್ತವನಿಗೆ ಎಷ್ಟು ವಯಸ್ಸು?’ ಎಂದು ಹುಡುಗಿಯೊಬ್ಬಳು ಕೇಳಿದಂಥ ಸಂದರ್ಭವೇ ಇವರಿಗೆ ನಿಜವಾದ ಪರೀಕ್ಷೆ. ಹದಿನಾಲ್ಕು ಎಂದು ಬಲ್ಲ ಮಾಮ, ಅಷ್ಟು ಹೊತ್ತು ಏನನ್ನೂ ಮುಚ್ಚಿಡದವರು, ‘ದೊಡ್ಡವನು, ಬಹಳ ದೊಡ್ಡವನು’ ಎಂದು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆ ಹುಡುಗಿಯ ಅಣ್ಣನಿಗೆ ಹದಿನೈದು.

ಕತ್ತಲಾದ ಮೇಲೆ ಮನೆಗೆ ಹೊರಡುವಾಗ, ದಾರಿಯಲ್ಲಿ ಪ್ಲಮ್ ಮರವೊಂದು ಇರುವ ಕಾರಣ, ಶ್ರೋತೃಗಳಲ್ಲಿ ಅತಿ ಚಿಕ್ಕವನನ್ನು ಟಾರ್ಚಿನೊಡನೆ ಮುಂದೆ ನಡೆಸುವುದು ಇವರ ವಾಡಿಕೆ. ಹುಡುಗ ಮರಳುವಾಗ ಟಾರ್ಚು ಸಾಮಾನ್ಯವಾಗಿ ಮಾಮನ ಮನೆಯಲ್ಲೇ ಉಳಿದಿರುತ್ತದೆ.