ಜಠರ ಹೋಯಿತು, ನಾಲಿಗೆ ಉಳಿಯಿತು

ಸದರಿ ಪ್ರಬಂಧಕಾರರ ಜಠರದ ಮುಕ್ಕಾಲು ಪಾಲು ಈಗ ಅವರ ವಶದಲ್ಲಿಲ್ಲ. ಕಂದಾಯ ಇಲಾಖೆಯಲ್ಲಿ ಕಡತಗಳ ನಡುವೆ ಬೆಳೆದು ನಿವೃತ್ತರಾದವರು. ಸ್ವಂತ ಹೊಟ್ಟೆಯ ವಿಷಯವನ್ನೂ ಒತ್ತುವರಿ ತೆರವಿನ ಭಾಷೆಯಲ್ಲೇ ಹೇಳುತ್ತಾರೆ. ಆಪರೇಷನ್ನಿನ ಹೆಸರು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಶೇ 75ರಿಂದ 80ರಷ್ಟನ್ನು ಸ್ಟೇಪ್ಲರ್ ಹಾಕಿ ಕತ್ತರಿಸಿ ಹೊರತೆಗೆದು, ಉದ್ದನೆಯ ಒಂದು ಕೊಳವೆಯನ್ನಷ್ಟೇ ಉಳಿಸುತ್ತಾರೆ. ಹಬ್ಬದ ದಿನ ಹಿಗ್ಗಿ ಲೀಟರು ದಾಟುತ್ತಿದ್ದ ಚೀಲಕ್ಕೆ ಆಮೇಲೆ ಹಿಡಿಸುವುದು ಸುಮಾರು 100–150 ಮಿಲಿಲೀಟರು. ದರ್ಶಿನಿಯ ಒಂದು ಕಾಫಿ ಲೋಟದಷ್ಟು, ಅದೂ ನೊರೆ ಸೇರಿಸಿ.

ಹಸಿವಿನ ಬಗ್ಗೆ ಡಾಕ್ಟರು ಒಂದು ಆಸೆ ಹುಟ್ಟಿಸಿದ್ದರು. ತೆಗೆದುಹಾಕುವ ಭಾಗದಲ್ಲೇ ಘ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಪತ್ತೆ ಮಾಡಿದ ಈ ಹಾರ್ಮೋನು ಮಿದುಳಿಗೆ ‘ಹಸಿದಿದೆ’ ಎಂದು ವರದಿ ಕೊಡುತ್ತದೆ. ವರದಿಗಾರನನ್ನೇ ಎತ್ತಂಗಡಿ ಮಾಡಿದ ಮೇಲೆ ವರದಿ ಎಲ್ಲಿಂದ ಬಂದೀತು? ಕೆಲವು ದಿನ ಬರಲೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಎದುರುಮನೆಯವರು ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟರು. ಸೋಸಿದ ಬೇಳೆಕಟ್ಟನ್ನು ಚಮಚದಲ್ಲಿ ಹೀರುತ್ತಿದ್ದ ಪ್ರಬಂಧಕಾರರು ಲೋಟ ಕೆಳಗಿಟ್ಟು ಕಿಟಕಿಯ ಸರಳು ಹಿಡಿದು ನಿಂತರು.

ಡಾಕ್ಟರಿಗೆ ಫೋನು ಮಾಡಿದಾಗ ಆಸಿಡಿಟಿಯೂ ಹಸಿವಿನ ವೇಷ ಹಾಕಿಕೊಂಡು ಬರುತ್ತದೆ, ಮಾತ್ರೆ ತಪ್ಪಿಸಬೇಡಿ ಎಂದರು. ಮಾತ್ರೆ ತಪ್ಪಿರಲಿಲ್ಲ. ತಪ್ಪಿದ್ದು ಜಠರವೇ ಹಸಿವಿನ ಮನೆ ಎಂಬ ಲೆಕ್ಕ. 1912ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಆ ಲೆಕ್ಕವನ್ನೇ ಹಾಕಿದ್ದರು. ಅವರ ಜೊತೆಗಾರ ವಾಷ್‌ಬರ್ನ್ ಪಾಪ, ಬಲೂನು ನುಂಗಿ ಕೂತು, ಜಠರ ಹಿಂಡಿದಾಗಲೆಲ್ಲ ಹಸಿವಾಗುತ್ತದೆಂದು ಸಾಬೀತು ಮಾಡಿಕೊಟ್ಟಿದ್ದ. ಆದರೆ ಜಠರವನ್ನು ಪೂರ್ತಿ ತೆಗೆಸಿಕೊಂಡ ರೋಗಿಗೂ ಹಸಿವಾಗುತ್ತದೆ ಎಂದು 1931ರಲ್ಲಿ ವಾಂಗನ್‌ಸ್ಟೀನ್ ಮತ್ತು ಕಾರ್ಲ್‌ಸನ್ ಎಂಬಿಬ್ಬರು ಬರೆದರು. ಬಲೂನು ನುಂಗಿದವನ ಶ್ರಮ ಅರ್ಧ ನೀರಿನಲ್ಲಿ ಹೋಮವಾಯಿತು.

ರಾತ್ರಿ ನಿದ್ದೆ ಬಾರದಾಗ ಪ್ರಬಂಧಕಾರರು ಮೊಬೈಲಿನಲ್ಲಿ ಅಡುಗೆ ವಿಡಿಯೊ ನೋಡತೊಡಗಿದರು. ಬೆಣ್ಣೆದೋಸೆಯ ಹಿಟ್ಟಿಗೆ ಮಂಡಕ್ಕಿ ಎಷ್ಟು ಹಾಕಬೇಕು, ಮದ್ದೂರು ವಡೆಗೆ ಚಿರೋಟಿ ರವೆ ಎಷ್ಟು ಎಂದು ಹಳೇ ಡೈರಿಯಲ್ಲಿ ಬರೆದಿಟ್ಟುಕೊಂಡರು. ಜೀವಮಾನದಲ್ಲಿ ಹಾಲು ಉಕ್ಕಿದರೂ ಒಲೆ ಆರಿಸದ ಮನುಷ್ಯ! ಹೆಂಡತಿ ಡೈರಿ ತೆರೆದು ನೋಡಿ, ‘ಇದ್ಯಾಕ್ರೀ, ಯಾರಿಗೆ ಮಾಡಿಹಾಕ್ತೀರಿ?’ ಎಂದರು. ಅದಕ್ಕೆ ಅವರ ಬಳಿ ಪೂರ್ವನಿದರ್ಶನ ಸಿದ್ಧವಿತ್ತು. ಎರಡನೇ ಮಹಾಯುದ್ಧದ ಕೊನೆಗೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಜನ ಗಟ್ಟಿಮುಟ್ಟಾದ ತರುಣರಿಗೆ, ಅವರ ಒಪ್ಪಿಗೆ ಪಡೆದೇ, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಹಾಕಿದ್ದರು. ಆ ಹುಡುಗರು ಅಡುಗೆ ಪುಸ್ತಕ ಕೂಡಿಹಾಕಿದರು, ತಟ್ಟೆ ನೆಕ್ಕಿದರು, ಒಂದೊಂದು ಊಟವನ್ನೂ ಎಳೆದೆಳೆದು ತಿಂದರು. ‘ಅವರಿಗೆ ಯುದ್ಧ ಇತ್ತು, ನಿಮಗೇನಿದೆ?’ ಎಂದು ಹೆಂಡತಿ ದೀಪ ಆರಿಸಿದರು.

ಗಟ್ಟಿ ಊಟಕ್ಕೆ ಅಪ್ಪಣೆ ಸಿಕ್ಕ ಹೊಸದರಲ್ಲೇ ಸೋದರಳಿಯನ ಮದುವೆ ಬಂತು. ನಿಯಮಗಳು ಹೀಗಿದ್ದವು: ಪ್ರೋಟೀನು ಮೊದಲು, ಒಂದೊಂದು ತುತ್ತನ್ನೂ ಇಪ್ಪತ್ತೈದು ಸಲ ಅಗಿಯುವುದು, ಊಟದ ಜೊತೆ ನೀರು ಇಲ್ಲ, ಮುಗಿದು ಅರ್ಧ ಗಂಟೆ ಆದಮೇಲೆ ನೀರು. ಸಿಹಿಯಂತೂ ಬೇಡ, ಸಕ್ಕರೆ ದಡಬಡನೆ ಸಣ್ಣ ಕರುಳಿಗೆ ಇಳಿದರೆ ಬೆವರು, ಎದೆಬಡಿತ, ತಲೆಸುತ್ತು. ಛತ್ರದ ಊಟದ ಹಾಲಿನಲ್ಲಿ ಸ್ಟೀಲ್ ಟೇಬಲ್ಲಿನ ಮೇಲೆ ಉದ್ದಕ್ಕೂ ಪೇಪರ್ ರೋಲ್ ಹಾಸಿ ಎಲೆ ಹಾಕಿದ್ದರು. ಪ್ರಬಂಧಕಾರರು ಹೆಸರುಬೇಳೆ ಕೋಸಂಬರಿಗೆ ಕೈಹಾಕಿದರು. ಒಂದು, ಎರಡು, ಮೂರು... ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಅನ್ನದವನು ಬಂದ. ಅವರು ಎರಡೂ ಕೈ ಅಡ್ಡ ಹಿಡಿದರು. ಅವನು ಬೆರಳ ಸಂದಿಯಲ್ಲಿ ಒಂದು ಸೌಟು ಇಳಿಸಿ ಮುಂದೆ ಹೋದ. ಎಣಿಕೆ ತಪ್ಪಿತು, ಮತ್ತೆ ಒಂದರಿಂದ.

ಅಷ್ಟರಲ್ಲಿ ಮುಂದಿನ ಪಂಕ್ತಿಯವರು ಒಳನುಗ್ಗಿದರು. ಪ್ರತಿ ಕುರ್ಚಿಯ ಹಿಂದೆ ಒಬ್ಬೊಬ್ಬರು. ಪ್ರಬಂಧಕಾರರ ಪಾಲಿಗೆ ಬಂದವರು ರೇಷ್ಮೆ ಶಲ್ಯದ ಹಿರಿಯರು. ಸೀಟು ಇನ್ನೇನು ಖಾಲಿಯಾಯಿತೆಂದು ಕರವಸ್ತ್ರವನ್ನು ಕುರ್ಚಿಯ ಬೆನ್ನಿಗೆ ಹಾಕಿಯೂ ಆಯಿತು. ಎಡಗಡೆಯವರು ಹುಳಿ ಮುಗಿಸಿದರು, ಬಲಗಡೆಯವರು ಒಬ್ಬಟ್ಟಿಗೆ ಎರಡನೇ ಸಲ ತುಪ್ಪ ಹಾಕಿಸಿಕೊಂಡರು. ಹಿರಿಯರು ಬಗ್ಗಿ ಕಿವಿಯ ಬಳಿ, ‘ಸ್ವಾಮಿ, ಮಜ್ಜಿಗೆ ಆಯ್ತೇ?’ ಎಂದರು. ಬಾಯಿ ತುಂಬಿತ್ತು. ಇಪ್ಪತ್ತೈದು ಮುಗಿಸಿ, ನುಂಗಿ, ಪ್ರಬಂಧಕಾರರು ಸಾವಧಾನವಾಗಿ, ‘ಇನ್ನೂ ಕೋಸಂಬರಿ ನಡೀತಿದೆ’ ಎಂದರು.

ಪಂಕ್ತಿ ಎದ್ದಿತು. ಎಲೆಗಳ ಸಮೇತ ಪೇಪರನ್ನು ಸುತ್ತಿಕೊಂಡು ಆ ತುದಿಯಿಂದ ಇಬ್ಬರು ಹುಡುಗರು ಬಂದರು. ಸುರುಳಿ ದಪ್ಪವಾಗುತ್ತಾ ಉರುಳುತ್ತಾ ಅವರ ಎಲೆಯ ಅಂಚಿಗೆ ಬಂದು ನಿಂತಿತು. ಹುಡುಗರು ಇವರ ಮುಖ ನೋಡಿದರು. ಇವರು ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅಗಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಸುರುಳಿ ಕೆಳಗಿನಿಂದ ಹಾದುಹೋಯಿತು. ಎಲೆಯನ್ನು ಬರೀ ಸ್ಟೀಲಿನ ಮೇಲೆ ಇಳಿಸಿಕೊಂಡು ಪಲ್ಯದತ್ತ ತಿರುಗಿದರು. ನಾಚಿಕೆಯಾಯಿತೇ ಎಂದರೆ ಆಯಿತು. ಆದರೆ ಆವತ್ತಿನ ಬೀನ್ಸ್ ಪಲ್ಯಕ್ಕೆ ಹಸಿ ತೆಂಗಿನತುರಿ ಸರಿಯಾಗಿ ಬಿದ್ದಿತ್ತು, ಅದರ ಒಂದೊಂದು ಚೂರಿನ ರುಚಿಯೂ ತಿಳಿಯಿತು. ಹಿಂದೆ ಅವರು ಮದುವೆ ಊಟದಲ್ಲಿ ಪಲ್ಯವನ್ನು ಗಮನಿಸಿದ್ದೇ ಇಲ್ಲ.

ತೂಕದ ಕಥೆ ಇಷ್ಟು ರುಚಿಕಟ್ಟಾಗಿಲ್ಲ. ಮೊದಲ ವಾರಗಳಲ್ಲಿ ಮುಳ್ಳು ಸರಸರ ಇಳಿಯಿತು. ಅದರಲ್ಲಿ ಒಂದು ಪಾಲು ನೀರು. ದೇಹ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ, ಅದು ಕರಗಿದರೆ ಇದೂ ಹೊರಡುತ್ತದೆ. ಮೂರನೇ ವಾರದ ಸುಮಾರಿಗೆ ಮುಳ್ಳು ನಿಂತೇಬಿಟ್ಟಿತು. ಬಹಳಷ್ಟು ಜನರಿಗೆ ಹೀಗಾಗುತ್ತದೆಂದು ಡಯಟಿಷಿಯನ್ ಮೊದಲೇ ಹೇಳಿದ್ದರು. ಆದರೂ ಪ್ರಬಂಧಕಾರರು ಯಂತ್ರವನ್ನು ಬಚ್ಚಲಿಂದ ಹಾಲಿಗೆ, ಹಾಲಿಂದ ದೇವರ ಮನೆಯ ಬಾಗಿಲಿಗೆ ಸಾಗಿಸಿ ನೋಡಿದರು. ಕನ್ನಡಕ ತೆಗೆದು ನಿಂತರು. ಕೊನೆಗೆ ಹೆಂಡತಿ ಅದನ್ನು ಅಟ್ಟಕ್ಕೆ ಹಾಕಿದರು. ಈ ನಡುವೆ ಕೂದಲು ಉದುರಿತು. ಅದರ ತೂಕ ಎಷ್ಟಿದ್ದೀತು ಎಂಬ ಲೆಕ್ಕವೂ ನಡೆಯಿತು.

ನೆಂಟರಿಗೆ ಇದೆಲ್ಲ ಬೇಕಿಲ್ಲ. ‘ಅಷ್ಟು ದುಡ್ಡು ಸುರಿದು ಇಷ್ಟೇನಾ?’ ಎಂದೊಬ್ಬರು. ‘ರಾತ್ರಿ ಊಟ ಬಿಟ್ಟಿದ್ರೆ ಆಗ್ತಿತ್ತು, ಇದು ಅಡ್ಡದಾರಿ’ ಎಂದು ಬೋಂಡ ಅದ್ದುತ್ತಾ ಇನ್ನೊಬ್ಬರು. ಈ ಅಡ್ಡದಾರಿ ಎಂಬ ಮಾತು ಕೇಳಿದರೆ ಪ್ರಬಂಧಕಾರರ ತಮಾಷೆ ಬತ್ತಿಹೋಗುತ್ತದೆ. ರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತಿದ್ದವರು ಅವರು, ಪಾದದ ಗಾಯ ಮಾಯದೆ ಹೆದರಿದ್ದವರು ಅವರು. ಮಿನೆಸೋಟದ ಆ ಹುಡುಗರಿಗೆ ಬೊಜ್ಜೂ ಇರಲಿಲ್ಲ, ಮನೋಬಲಕ್ಕೂ ಕೊರತೆ ಇರಲಿಲ್ಲ. ಹಸಿವು ಅವರನ್ನೂ ಬಗ್ಗಿಸಿತು. ಆಪರೇಷನ್ ಆದಮೇಲೆ ತೂಕಕ್ಕಿಂತ ಮೊದಲು ಇಳಿದದ್ದು ಷುಗರು. ಅದು ಶರ್ಟಿನ ಮೇಲೆ ಕಾಣುವುದಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ. ಇಂಥ ಚಿಕಿತ್ಸೆಯನ್ನು ವಿಮೆಯ ಲೆಕ್ಕಕ್ಕೆ ತರಲು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಷರತ್ತು ಗೊತ್ತುಮಾಡಿತು. ನೆಂಟರ ಮಂಜೂರಾತಿ ಇನ್ನೂ ಬಾಕಿ ಇದೆ.

ತೂಕ ಇಳಿಯುವುದು ಒಂದು, ಒಂದೂವರೆ ವರ್ಷದ ಕೆಲಸ. ಮುಳ್ಳು ನಿಂತಿದ್ದ ದಿನಗಳಲ್ಲೂ ಬೆಲ್ಟು ಮಾತ್ರ ಸದ್ದಿಲ್ಲದೆ ಒಳಗೆ ಸರಿಯುತ್ತಿತ್ತು. ತೂತು ಮುಗಿದಾಗ ಪ್ರಬಂಧಕಾರರು ಪ್ಯಾಂಟುಗಳ ಗಂಟು ಹೊತ್ತು ಉತ್ಸಾಹದಿಂದ ದರ್ಜಿ ಅಂಗಡಿಗೆ ಹೋದರು. ಅವನು ಟೇಪು ಹಿಡಿದು, ಸೊಂಟ ಸುತ್ತಿ, ಇವರನ್ನು ಮೇಲಿಂದ ಕೆಳಗೆ ನೋಡಿ ಟೇಪನ್ನು ಕೊರಳಿಗೆ ಹಾಕಿಕೊಂಡ. ‘ಸಾರ್, ಇಳಿಯೋದು ಪೂರ್ತಿ ಮುಗಿದ್ಮೇಲೆ ಬನ್ನಿ. ತಿಂಗಳಿಗೊಂದ್ಸಲ ಬಿಚ್ಚಿ ಹೊಲಿಯಕ್ಕೆ ನಮ್ಗೇನ್ ಬೇರೆ ಕೆಲ್ಸ ಇಲ್ವಾ? ಅಲ್ಲೀತಂಕ ಪಂಚೆ ಉಟ್ಕೊಳ್ಳಿ.’