ಹೊಲಿಗೆ ಯಂತ್ರ ಮೀಮಾಂಸೆ

ಹಿಂದುಳಿದ ಪ್ರದೇಶಗಳ ಯುವಜನರಿಗೆ ಯಾವ ಕಸುಬು ಕಲಿಸಿದರೆ ಹೊಟ್ಟೆ ತುಂಬೀತು ಎಂಬ ಪ್ರಶ್ನೆ ಹಿಡಿದು ದೇಶವಿದೇಶಗಳ ವಿದ್ವಾಂಸರು ಬರೆದಿರುವ ವರದಿಗಳು ಎಷ್ಟಿವೆಯೆಂದರೆ, ಅವನ್ನು ಲಾರಿಗೆ ಹತ್ತಿಸಿ ಇಳಿಸುವುದಕ್ಕೇ ಒಂದು ಎಪಿಎಂಸಿಯ ಹಮಾಲರಿಗೆಲ್ಲ ವರ್ಷಪೂರ್ತಿ ಕೆಲಸ ಸಿಕ್ಕೀತು. ಇಷ್ಟೆಲ್ಲ ಬರೆದವರ ಕಣ್ಣಿಗೆ ಒಂದು ಸಂಗತಿ ಮಾತ್ರ ಬಿದ್ದಿಲ್ಲ. ಉತ್ತರ ಎಂದೋ ಸಿಕ್ಕಿಯಾಗಿದೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಅದನ್ನು ಶಾಮಿಯಾನದ ಕೆಳಗೆ ಹಂಚಿಕೊಂಡೇ ಬರಲಾಗಿದೆ. ಬರ ಬಿದ್ದ ಊರಿಗೂ ಅದೇ, ನೆರೆ ನುಗ್ಗಿದ ಊರಿಗೂ ಅದೇ. ಗಂಡನನ್ನು ಕಳೆದುಕೊಂಡವಳಿಗೂ ಅದೇ, ಬಿ.ಎ. ಮುಗಿಸಿ ಮನೆಯಲ್ಲಿ ಕೂತವಳಿಗೂ ಅದೇ. ಆ ಉತ್ತರದ ಹೆಸರು ಹೊಲಿಗೆ ಯಂತ್ರ. ಪ್ರಸ್ತುತ ಪ್ರಬಂಧ ಸಾಧಿಸಹೊರಟಿರುವುದು ಇಷ್ಟು: ಕೌಶಲ ಯೋಜನೆಯ ಯೋಗ್ಯತೆಯನ್ನು ಅಳೆಯಬೇಕಾದ್ದು ಕೊಡುವವರ ಅನುಕೂಲದಿಂದಲೇ ಹೊರತು ಪಡೆಯುವವಳ ಸಂಪಾದನೆಯಿಂದಲ್ಲ; ಆ ಅಳತೆಗೋಲು ಹಿಡಿದರೆ ಹೊಲಿಗೆ ಯಂತ್ರವನ್ನು ಮೀರಿಸುವ ವಸ್ತು ಭೂಮಂಡಲದಲ್ಲೇ ಇಲ್ಲ. ಪೂರ್ವಪಕ್ಷದವರ ತಕರಾರುಗಳನ್ನು ಆಮೇಲೆ ನೋಡೋಣ, ಮೊದಲು ಸಿದ್ಧಾಂತ.

ಆಪ್ತವಾಕ್ಯದಿಂದ ಆರಂಭಿಸುವುದು ಶಾಸ್ತ್ರದ ಕ್ರಮ. ಯಂತ್ರನಾಗರಿಕತೆಯನ್ನು ಅಷ್ಟು ಖಂಡಿಸಿದ ಗಾಂಧೀಜಿಯವರೇ 1924ರಲ್ಲಿ ತರುಣನೊಬ್ಬನ ಪ್ರಶ್ನೆಗೆ ಉತ್ತರಿಸುತ್ತ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಸವೆಯುವುದನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ರೂಪಿಸಿದ ಎಂಬುದು ಅವರ ನಂಬಿಕೆ. (1851ರಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರ್ ಮಹಾಶಯನಿಗೆ ಹಲವು ಸಂಸಾರಗಳಿದ್ದವು, ಯಾವ ಹೆಂಡತಿಯ ಮೇಲಿನ ಪ್ರೀತಿ ಎಂಬುದು ಬೇರೆಯೇ ಸಂಶೋಧನೆಯ ವಿಷಯ.) ಮಹಾತ್ಮರು ಹಸಿರು ನಿಶಾನೆ ತೋರಿಸಿದ ಯಂತ್ರವನ್ನು ಇಲಾಖೆಗಳೂ ನಿಗಮಗಳೂ ಕಂಪನಿಗಳ ಸಾಮಾಜಿಕ ಹೊಣೆಯ ನಿಧಿಗಳೂ ಕೈಬಿಡುವುದುಂಟೆ? ಆದ್ದರಿಂದ ಶಬ್ದಪ್ರಮಾಣ ಸಿದ್ಧ.

ಇನ್ನು ಪ್ರತ್ಯಕ್ಷ. ವಿತರಣಾ ಸಮಾರಂಭವನ್ನು ಹತ್ತಿರದಿಂದ ನೋಡಬೇಕು. ಪುರಭವನದ ಮುಂದೆ ಯಂತ್ರಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತವೆ. ಪ್ಲಾಸ್ಟಿಕ್ ಹೊದಿಕೆ ಇನ್ನೂ ಕಳಚಿಲ್ಲ. ಪೆಡಲಿಗೆ ಬೆಲ್ಟ್ ಏರಿಸಿಲ್ಲ. ಬಾಬಿನ್ನಿನ ಪೊಟ್ಟಣ ಡ್ರಾಯರಿನೊಳಗೇ ಇದೆ. ಸ್ಟ್ಯಾಂಡಿನ ಮೇಲೆ ಯೋಜನೆಯ ಹೆಸರು, ಆರ್ಥಿಕ ವರ್ಷ, ಕೊಟ್ಟವರ ಹೆಸರು ಮೂರೂ ಬಣ್ಣದಲ್ಲಿ ಬರೆಸಲಾಗಿದೆ. ಗಣ್ಯರು ಒಂದು ಯಂತ್ರದ ಮುಂದೆ ಕೂತು ಸೂಜಿಗೆ ದಾರವಿಲ್ಲದೆಯೇ ಒಂದು ಗಳಿಗೆ ಚಕ್ರ ತಿರುಗಿಸುತ್ತಾರೆ, ಕ್ಯಾಮೆರಾ ಮಿಂಚುತ್ತದೆ. ಇದೇ ಜಾಗದಲ್ಲಿ ಬೇರೆ ಜೀವನೋಪಾಯವನ್ನು ಇಟ್ಟು ನೋಡಿ. ಹಸು ಕೊಟ್ಟರೆ ಭಾಷಣದ ನಡುವೆ ಸಗಣಿ ಹಾಕುತ್ತದೆ, ಮೂರು ತಿಂಗಳಿಗೆ ಕಾಲುಬಾಯಿ ಜ್ವರ ಬಂದರೆ ಫಲಾನುಭವಿ ಕಚೇರಿಗೇ ಬಂದು ನಿಲ್ಲುತ್ತಾಳೆ. ವೆಲ್ಡಿಂಗ್ ಕಲಿತ ಹುಡುಗನ ಕೈಗೆ ಕೊಡಲಿಕ್ಕೆ ಏನಿದೆ? ನರ್ಸಿಂಗ್ ಕಲಿತವಳ ವಿದ್ಯೆಯನ್ನು ಯಾವ ಸ್ಟ್ಯಾಂಡಿನ ಮೇಲೆ ಬರೆಸುವುದು? ಹೊಲಿಗೆ ಯಂತ್ರ ಉಣ್ಣುವುದಿಲ್ಲ, ಕಾಯಿಲೆ ಬೀಳುವುದಿಲ್ಲ, ದೂರು ಕೊಡುವುದಿಲ್ಲ, ಟೆಂಡರಿನಲ್ಲಿ ಇದ್ದಷ್ಟೇ ಇರುತ್ತದೆ, ಗೋದಾಮಿನಲ್ಲಿ ಒಂದರ ಮೇಲೊಂದು ಕೂರುತ್ತದೆ. ಎಣಿಸಬಹುದು, ಕಾಣಿಸಬಹುದು, ಮಾರ್ಚಿನೊಳಗೆ ಮುಗಿಸಬಹುದು. ಒಂದು ಜೀವನೋಪಾಯ ಯೋಜನೆಗೆ ಇದಕ್ಕಿಂತ ಹೆಚ್ಚಿನ ಲಕ್ಷಣ ಬೇಕೆನ್ನುವವರು ಅತೃಪ್ತ ಆತ್ಮಗಳೇ ಸರಿ.

ಪೂರ್ವಪಕ್ಷದ ಮೊದಲ ತಕರಾರು ಗಣಿತದ್ದು. ಮುನ್ನೂರು ಮನೆಗಳ ಒಂದು ಹಳ್ಳಿ ಎಂದಿಟ್ಟುಕೊಳ್ಳಿ, ಮನೆಗೆ ವರ್ಷಕ್ಕೆ ಐದು ರವಿಕೆ ಹೊಲಿಸುತ್ತಾರೆ ಎಂದಿಟ್ಟುಕೊಳ್ಳಿ. ಒಟ್ಟು ಒಂದೂವರೆ ಸಾವಿರ. ಮೂವತ್ತು ಮಂದಿಯ ಎರಡು ಬ್ಯಾಚ್ ತರಬೇತಿ ಮುಗಿಸಿದರೆ ಊರಿನಲ್ಲಿ ಅರವತ್ತು ಟೈಲರುಗಳು. ಒಬ್ಬೊಬ್ಬಳ ಪಾಲಿಗೆ ವರ್ಷಕ್ಕೆ ಇಪ್ಪತ್ತೈದು ರವಿಕೆ, ತಿಂಗಳಿಗೆ ಎರಡು. ಅದೂ ಗೌರಿಹಬ್ಬದ ಹಿಂದಿನ ವಾರ ಎಲ್ಲವೂ ಒಟ್ಟಿಗೇ ಬಂದು, ಮಿಕ್ಕ ತಿಂಗಳು ಸೀರೆಗೆ ಫಾಲ್ ಹಚ್ಚುವುದು, ಹರಿದ ನೈಟಿಗೆ ತೇಪೆ ಹಾಕುವುದು. ಲೈನಿಂಗ್ ರವಿಕೆ, ಕಸೂತಿ ರವಿಕೆ ಅಂದರೆ ಕಾಸು ಹುಟ್ಟುವ ಕೆಲಸ. ಅದಕ್ಕೆ ಮದುವೆಮನೆಯವರು ಪೇಟೆಯ ಬೊಟಿಕ್ಕಿಗೇ ಹೋಗುತ್ತಾರೆ. ಸಾಲದ್ದಕ್ಕೆ, ಮೊದಲಿನಿಂದಲೂ ಹೊಲಿದು ಮನೆ ನಡೆಸುತ್ತಿದ್ದ ಒಬ್ಬಳೋ ಇಬ್ಬರೋ ಇದ್ದರಲ್ಲ, ಸ್ಪರ್ಧೆಯಲ್ಲಿ ದರ ಇಳಿದು ಅವರ ಅನ್ನಕ್ಕೂ ಕಲ್ಲು ಬೀಳುತ್ತದೆ. ತಕರಾರು ಇಷ್ಟು. ಸಮಾಧಾನ ಸುಲಭ. ಈ ಲೆಕ್ಕ ಬೇಡಿಕೆಯಿಂದ ಹೊರಡುತ್ತದೆ, ಯೋಜನೆ ಗುರಿಯಿಂದ ಹೊರಡುತ್ತದೆ. ಊರಿನಲ್ಲಿ ಎಷ್ಟು ರವಿಕೆ ಬೇಕು ಎಂದು ಕೇಳುವ ಕಾಲಂ ಯಾವ ನಮೂನೆಯಲ್ಲೂ ಇಲ್ಲ. ಎಷ್ಟು ಮಂದಿಗೆ ತರಬೇತಿ ಆಯಿತು ಎಂಬ ಕಾಲಂ ಎಲ್ಲದರಲ್ಲೂ ಇದೆ. ಇಲ್ಲದ ಕಾಲಂ ತುಂಬಲಿಲ್ಲವೆಂದು ಯೋಜನೆಯನ್ನು ದೂರುವುದು ನ್ಯಾಯವಲ್ಲ.

ಗುರಿಯ ಮಾತು ಬಂದದ್ದರಿಂದ ಇಲ್ಲಿ ಒಂದು ನಿಯಮವನ್ನು ಲೋಕಕ್ಕೆ ಅರ್ಪಿಸುತ್ತೇವೆ: ಗುರಿ ಹಿಗ್ಗಿದಷ್ಟೂ ಅವಧಿ ಕುಗ್ಗುತ್ತದೆ. 2009ರ ರಾಷ್ಟ್ರೀಯ ಕೌಶಲ ನೀತಿ 2022ರ ಹೊತ್ತಿಗೆ 50 ಕೋಟಿ ಜನರನ್ನು ಕುಶಲರನ್ನಾಗಿ ಮಾಡುವ ಗುರಿ ಇಟ್ಟಿತು. ಐಟಿಐಯಲ್ಲಿ ಫಿಟ್ಟರ್ ಆಗಲು ಎರಡು ವರ್ಷ ಬೇಕು. ಆ ದರದಲ್ಲಿ 50 ಕೋಟಿ ಮುಗಿಸಲು ಕಲಿಯುಗ ಸಾಲದು. ಹಾಗಾಗಿ ಅಲ್ಪಾವಧಿ ತರಬೇತಿ ಹುಟ್ಟಿತು, ಕೆಲವು ನೂರು ತಾಸುಗಳಷ್ಟು. ಆಮೇಲೆ, ಗೊತ್ತಿರುವ ಕೆಲಸವನ್ನೇ ಪರೀಕ್ಷಿಸಿ ಗೊತ್ತಿದೆ ಎಂದು ಪ್ರಮಾಣಪತ್ರ ಕೊಡುವ ಏರ್ಪಾಡು ಬಂತು. ಗಾರೆಯವನಿಗೆ ಗಾರೆ ಬರುತ್ತದೆಂದು ಒಂದೆರಡು ದಿನದಲ್ಲಿ ಸರ್ಕಾರವೇ ಹೇಳಿತು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಮೂಲ ತರಬೇತಿಗೆ ಐದರಿಂದ ಏಳು ದಿನ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ. 18ರಲ್ಲಿ ದರ್ಜಿಯೂ ಒಬ್ಬ ಎಂದು ಬೇರೆ ಹೇಳಬೇಕಿಲ್ಲ. ನಿಯಮದ ತಾರ್ಕಿಕ ಕೊನೆಯಲ್ಲಿ ಅವಧಿ ಸೊನ್ನೆಯನ್ನು ಮುಟ್ಟಬೇಕು. ಆಗ ತರಬೇತಿಯೂ ಇಲ್ಲದೆ, ತರಬೇತಿ ಪಡೆಯುವವನೂ ಇಲ್ಲದೆ, ಪ್ರಮಾಣಪತ್ರವೊಂದೇ ಉಳಿಯುತ್ತದೆ.

ಇದು ಬರಿಯ ಊಹೆಯಲ್ಲ, ಅನುಮಾನ ಪ್ರಮಾಣಕ್ಕೆ ಲೆಕ್ಕಪರಿಶೋಧಕರ ಬೆಂಬಲವಿದೆ. 2015ರ ಜುಲೈನಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಬಗ್ಗೆ ಸಿಎಜಿ ವರದಿ 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂತು. ಪರಿಶೀಲಿಸಿದ ಸುಮಾರು 95 ಲಕ್ಷ ಅಭ್ಯರ್ಥಿಗಳ ದಾಖಲೆಗಳಲ್ಲಿ ನೂರಕ್ಕೆ 94ಕ್ಕೂ ಹೆಚ್ಚಿನವುಗಳ ಬ್ಯಾಂಕ್ ಖಾತೆಯ ಜಾಗ ಖಾಲಿ, ಇಲ್ಲವೇ ಅಲ್ಲೊಂದು ಸೊನ್ನೆ. ಉಳಿದವುಗಳಲ್ಲೂ ಒಂದರ ಪಕ್ಕ ಒಂದನ್ನೇ ಸಾಲಾಗಿ ಬರೆದ ಖಾತೆ ಸಂಖ್ಯೆಗಳು. ಬೇರೆ ಬೇರೆ ಹೆಸರಿನ ಅಭ್ಯರ್ಥಿಗಳಿಗೆ ಒಂದೇ ಫೋಟೊ. ಅಲ್ಪಾವಧಿ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದವರಲ್ಲಿ ಕೆಲಸ ಸಿಕ್ಕಿದ್ದು ನೂರಕ್ಕೆ 41 ಮಂದಿಗೆ. ಪತ್ರಿಕೆಗಳು ಇದನ್ನು ಅವ್ಯವಹಾರವೆಂದವು. ಶಾಸ್ತ್ರದೃಷ್ಟಿಯವರಿಗೆ ಹಾಗೆ ಕಾಣದು. ಖಾತೆಗೆ ದುಡ್ಡು ಬರುವ ಸಂಭವವೇ ಕಡಿಮೆ ಇರುವಾಗ ಖಾತೆ ಸಂಖ್ಯೆ ಬರೆಯುವ ಶ್ರಮ ಯಾಕೆ? ಮನುಷ್ಯರೆಲ್ಲ ಒಂದೇ ಎಂದು ಹಿರಿಯರು ಹೇಳುತ್ತ ಬಂದದ್ದಕ್ಕೆ ಒಂದೇ ಫೋಟೊಗಿಂತ ಬೇರೆ ಸಾಕ್ಷಿ ಬೇಕೆ?

ಎರಡನೆಯ ತಕರಾರು ಬೆಂಗಳೂರಿನ ದಿಕ್ಕಿನಿಂದ ಬರುತ್ತದೆ. ಹಳ್ಳಿಯಲ್ಲಿ ರವಿಕೆ ಸಾಲದಿದ್ದರೇನು, ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಇವೆಯಲ್ಲ, ಲಕ್ಷಗಟ್ಟಲೆ ಹೆಣ್ಣುಮಕ್ಕಳು ಅಲ್ಲಿ ದುಡಿಯುತ್ತಿಲ್ಲವೇ, ತರಬೇತಿ ಅಲ್ಲಿಗೆ ದಾರಿಯಾಗಲಿ ಎನ್ನುತ್ತಾರೆ. ಇದು ನಮಗೆ ಅನುಕೂಲವಾದ ತಕರಾರೆಂದು ಮೇಲುನೋಟಕ್ಕೆ ತೋರುತ್ತದೆ, ಆದರೆ ಅಪಾಯಕಾರಿ. ಗಾರ್ಮೆಂಟ್ಸಿನಲ್ಲಿ ಪೆಡಲ್ ತುಳಿಯುವ ಯಂತ್ರವಿಲ್ಲ. ಕರೆಂಟಿನಲ್ಲಿ ಓಡುವ ಸಿಂಗಲ್ ನೀಡಲ್, ಓವರ್‌ಲಾಕ್ ಯಂತ್ರಗಳು. ಅಲ್ಲಿ ಯಾರೂ ಅಂಗಿ ಹೊಲಿಯುವುದಿಲ್ಲ. ಲೈನಿನಲ್ಲಿ ಕೂತ ಒಬ್ಬಳು ಕಾಲರ್ ಕೂಡಿಸುತ್ತಾಳೆ, ಮುಂದಿನವಳು ತೋಳು, ಅದರ ಮುಂದಿನವಳು ಕಫ್, ವರ್ಷಗಟ್ಟಲೆ ಅದನ್ನೇ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್, ತಪ್ಪಿದರೆ ಸೂಪರ್‌ವೈಸರನ ಬೈಗುಳ. ಅಳತೆ ತೆಗೆಯುವುದು, ಕತ್ತರಿಸುವುದು, ಹುಕ್ಸ್ ಹಾಕುವುದು ಎಂದು ಕಷ್ಟಪಟ್ಟು ಕಲಿತವಳು ಅಲ್ಲಿಗೆ ಹೋದರೆ ಹೆಲ್ಪರ್ ಆಗಿಯೇ ಸೇರಬೇಕಾಗಬಹುದು. ಇಷ್ಟರ ಮೇಲೆ ಆ ಹೆಣ್ಣುಮಕ್ಕಳಿಗೆ ಲೆಕ್ಕವೂ ಬರುತ್ತದೆ: ಭವಿಷ್ಯನಿಧಿ ಹಿಂತೆಗೆತದ ನಿಯಮ ಬದಲಾದಾಗ 2016ರ ಏಪ್ರಿಲಿನಲ್ಲಿ ಯಾವ ನಾಯಕರಿಗೂ ಕಾಯದೆ ರಸ್ತೆಗಿಳಿದು ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದರು. ಕೌಶಲ ಯೋಜನೆಯ ಪಠ್ಯದಲ್ಲಿ ಸೇರದ ಕೌಶಲ ಇದು. ಕಲಿಸದೆಯೇ ಬಂದದ್ದಾದ್ದರಿಂದ ನಮ್ಮ ಪ್ರಬಂಧದ ವ್ಯಾಪ್ತಿಗೆ ಹೊರಗು.

ವಿದೇಶೀ ಪಂಡಿತರ ಮಾತನ್ನೂ ಕೇಳಿಸಿಕೊಳ್ಳದೆ ವಿಧಿಯಿಲ್ಲ. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ 2017ರಲ್ಲಿ ಹಿಂದುಳಿದ ದೇಶಗಳ ತರಬೇತಿ ಯೋಜನೆಗಳ ಪ್ರಯೋಗಗಳನ್ನು ಒಟ್ಟುಮಾಡಿ ತೂಗಿದರು. ನೂರು ಮಂದಿಗೆ ತರಬೇತಿ ಕೊಟ್ಟರೆ, ತರಬೇತಿ ಇಲ್ಲದಿದ್ದರೆ ಸಿಗುತ್ತಿರಲಿಲ್ಲ ಎನ್ನಬಹುದಾದ ಕೆಲಸ ಸಿಗುವುದು ಮೂವರಿಗಿಂತ ಕಡಿಮೆ ಮಂದಿಗೆ ಎಂಬುದು ಅವರ ತೀರ್ಮಾನ. ಮಿಕ್ಕ ತೊಂಬತ್ತೇಳು ಮಂದಿಗೆ ಊಟ, ಬ್ಯಾಗು, ಗುಂಪು ಫೋಟೊ ಸಿಕ್ಕಿದ್ದನ್ನು ಅವರು ಲೆಕ್ಕಕ್ಕೆ ಹಿಡಿದ ಹಾಗಿಲ್ಲ. ಉತ್ತರ ಉಗಾಂಡಾದಲ್ಲಿ ಇನ್ನೂ ಅತಿರೇಕದ ಪ್ರಯೋಗ ನಡೆಯಿತು: ಯುವಜನರ ಗುಂಪುಗಳಿಗೆ ತಲೆಗೆ ಸುಮಾರು 382 ಡಾಲರಿನಂತೆ ನಗದನ್ನೇ ಕೊಟ್ಟು, ಯಾವ ಕಸುಬು, ಯಾರ ಹತ್ತಿರ ಕಲಿಯುವುದು, ಯಾವ ಸಲಕರಣೆ ಕೊಳ್ಳುವುದು ಎಲ್ಲವನ್ನೂ ಅವರಿಗೇ ಬಿಟ್ಟರು. ನಾಲ್ಕು ವರ್ಷದ ಮೇಲೆ ನೋಡಿದರೆ, ಹಣ ಸಿಗದವರಿಗಿಂತ ಅವರ ಗಳಿಕೆ ನೂರಕ್ಕೆ 38ರಷ್ಟು ಹೆಚ್ಚಿತ್ತು. ಒಂಬತ್ತು ವರ್ಷದ ಹೊತ್ತಿಗೆ ಉಳಿದವರೂ ಅವರನ್ನು ಹಿಡಿದಿದ್ದರು. ಸ್ವಂತ ಬುದ್ಧಿಯಿಂದ ಹೊಲಿಗೆಯನ್ನೇ ಆರಿಸಿಕೊಂಡವರೂ ಅವರಲ್ಲಿದ್ದರು ಎಂಬುದು ನಮಗೆ ಸಮಾಧಾನ. ದೆಹಲಿಯ ಬಡ ಬಡಾವಣೆಗಳಲ್ಲಿ ಹೆಣ್ಣುಮಕ್ಕಳಿಗೆ ಆರು ತಿಂಗಳು ಹೊಲಿಗೆಯನ್ನೇ ಕಲಿಸಿದ ಪ್ರಯೋಗವೊಂದರಲ್ಲೂ ದುಡಿಮೆಗೆ ಇಳಿದವರ ಸಂಖ್ಯೆ ಹೆಚ್ಚಾಯಿತು, ಫಲ ಬೇಗ ಕರಗಲಿಲ್ಲ. ಆದರೆ ಇಲ್ಲೂ ಒಂದು ಇರಿಸುಮುರಿಸಿದೆ. ಅಲ್ಲಿಗೆ ಬಂದವರು ತಾವಾಗಿಯೇ ಅರ್ಜಿ ಹಾಕಿದವರು, ತಿಂಗಳಿಗೆ 50 ರೂಪಾಯಿ ಠೇವಣಿಯನ್ನೂ ಇಟ್ಟವರು. ಬೇಕೆಂದು ಬಂದವಳಿಗೆ ಬೇಕಾದದ್ದನ್ನು ಕಲಿಸಿದರೆ ಯಾರಾದರೂ ಗೆದ್ದಾರು. ಅದರಲ್ಲಿ ಯೋಜನೆಯ ಹೆಚ್ಚುಗಾರಿಕೆ ಏನು ಬಂತು?

ಕೊನೆಯ ತಕರಾರು ನಮ್ಮ ಮನೆಯೊಳಗಿನದು, ಅದಕ್ಕೇ ಹೆಚ್ಚು ನೋಯಿಸುವಂಥದು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಟೂಲ್ ಅಂಡ್ ಡೈ ಕಲಿಯುವ ಹುಡುಗ ಮೂರು ವರ್ಷ ಅಲ್ಲೇ ಯಂತ್ರದ ಮುಂದೆ ನಿಂತು, ಇನ್ನೊಂದು ವರ್ಷ ಕಾರ್ಖಾನೆಯಲ್ಲಿ ದುಡಿದು ಹೊರಬೀಳುತ್ತಾನೆ; ಕಂಪನಿಗಳು ಅವನನ್ನು ಹುಡುಕಿಕೊಂಡು ಬರುತ್ತವೆ. ಇಂಥ ಹುಡುಗರನ್ನು ಕೋಟಿಗಟ್ಟಲೆ ಎಣಿಸಲು ಬರುವುದಿಲ್ಲವೆಂದು ಅದನ್ನು ಪಕ್ಕಕ್ಕಿಡಬಹುದು. ಉಜಿರೆಯ ಸಂಸ್ಥೆಯನ್ನು ಹಾಗೆ ಪಕ್ಕಕ್ಕಿಡಲಾಗದು. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಅಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ತರಬೇತಿಯೂ ಕೆಲವೇ ವಾರಗಳದು, ಅಲ್ಲೂ ಹೊಲಿಗೆ ಇದೆ, ಊಟ ವಸತಿ ಉಚಿತ. ಕೇಂದ್ರ ಸರ್ಕಾರ ಅದನ್ನೇ ಮಾದರಿಯಾಗಿ ಹಿಡಿದು ಜಿಲ್ಲೆಗೊಂದು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ (ಆರ್‌ಸೆಟಿ) ಕಟ್ಟಿಸಿತು. ಆದರೆ ರುಡ್‌ಸೆಟ್‌ನವರು ಅಂಗಡಿ ತೆರೆಯುವ ಮನಸ್ಸಿದೆಯೇ ಎಂದು ಮೊದಲೇ ನೋಡಿ ಆರಿಸುತ್ತಾರೆ, ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನು ಬಿಡುವುದಿಲ್ಲ. ಅಂಗಡಿ ಹಾಕಿದಳೇ, ಬ್ಯಾಂಕಿನವರು ಸಾಲ ಕೊಟ್ಟರೇ, ಕೊಡದಿದ್ದರೆ ಯಾಕೆ ಕೊಡಲಿಲ್ಲ, ಗಿರಾಕಿ ಬರುತ್ತಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಇದನ್ನು ಎದುರಿಸಲು ಪ್ರಬಂಧಕಾರರ ಬಳಿ ಒಂದೇ ವಾದ ಉಳಿದಿದೆ, ಅದನ್ನು ಆರ್ಥಿಕ ಇಲಾಖೆಯ ಗಮನಕ್ಕೆ ತರುತ್ತಿದ್ದೇವೆ: ಎರಡು ವರ್ಷದ ವಿಚಾರಣೆಗೆ ಶಾಮಿಯಾನ ಹಾಕಿಸಲು ಬರುವುದಿಲ್ಲ, ಅದರ ಖರ್ಚನ್ನು ಮಾರ್ಚ್ 31ರೊಳಗೆ ಮುಗಿಸಿ ಬಳಕೆ ಪ್ರಮಾಣಪತ್ರ ಕೊಡುವುದಂತೂ ಸಾಧ್ಯವೇ ಇಲ್ಲ.